ತಂಗಿಯನ್ನು ಗದ್ದೆಗೆ ಇಳಿಸಿದ್ದು ತಪ್ಪಾ?

ನವರಾತ್ರಿ ರಜೆಯಲ್ಲಿ ಬಂಟ್ವಾಳದ ಅಜ್ಜಿಮನೆಗೆ ತೆನೆಹಬ್ಬಕ್ಕೆ ಹೋಗಿದ್ದೆವು. ಎಣೇಲು ಬೆಳೆ ಹಣ್ಣಾಗಿತ್ತು. ತೆನೆ ತರಲು ಎಲ್ಲರೂ ಗದ್ದೆಗೆ ಹೋದಾಗ ತಂಗಿಯನ್ನು ಹುಣಿಯ ಮೇಲೆ ನಾನೇ ಇಳಿಸಿದೆ. ಅವಳಿಗೆ 11 ತಿಂಗಳು. ಅಲ್ಲಿವರೆಗೆ ಗೋಡೆ ಹಿಡಿದೇ ನಡೆಯುತ್ತಿದ್ದವಳು ಮೂರು ಹೆಜ್ಜೆ ಹಾಕಿದಳು! ನಾಲ್ಕನೆಯದಕ್ಕೆ ಕೆಸರಿಗೆ ಬಿದ್ದಳು. ನನಗೆ ಎಲ್ಲರಿಂದ ಬೈಗುಳ.

ಕೆಸರು ತೊಳೆದರೆ ಹೋಗ್ತದೆ ಎಂಬುದು ನನ್ನ ಅಭಿಪ್ರಾಯ. ಗದ್ದೆ ಹೋದರೆ ಬರುವುದಿಲ್ಲ. ನಮ್ಮ ಗದ್ದೆ ಅಡಿಕೆ ತೋಟ ಆಗಿದೆ, ತೆನೆಯನ್ನು ಬೇರೆಯವರಲ್ಲಿ ಕೇಳಿ ತರ್ತೇವೆ. ಅಜ್ಜಿಮನೆಯಲ್ಲೂ ಮುಂದಿನ ವರ್ಷ ಅಡಿಕೆ ಸಸಿ ಇಡುತ್ತಾರಂತೆ. ಮತ್ತೆ ತಂಗಿಗೆ ಹುಣಿ ಎಲ್ಲಿ ತೋರಿಸುವುದು?

ಮಾವು, ಹಲಸಿನ ಎಲೆ ಸೇರಿಸಿ ತೆನೆಯನ್ನು ಕಂಬಕ್ಕೆ ಕಟ್ಟಿದರು. ಹೊಸಕ್ಕಿ ಊಟದಲ್ಲಿ ತಂಗಿಯ ಬಾಯಿಗೂ ಎರಡು ಅಗುಳು ಹಾಕಿದರು. ಇರುವುದು ಎರಡೇ ಹಲ್ಲು, ಆದರೂ ಜಗಿದಳು. ಸಸಿ ಇಡುವ ಮೊದಲು ಅವಳನ್ನು ಇನ್ನೊಮ್ಮೆ ಅಲ್ಲಿ ನಡೆಸಬೇಕೆಂದು ಮಾವನಿಗೆ ಹೇಳಿದ್ದೇನೆ.