ಕೊಂಡ ಗ್ರಂಥಕ್ಕೆ ಒಡೆಯರಾರು?

ಅಮೇರಿಕದಲ್ಲಿ 1974ರಲ್ಲಿ ಹುಟ್ಟಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರಧಾರಣೆಯ ಮೇಜಿನಾಟದ ನಿಯಮಗ್ರಂಥಗಳನ್ನು ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯವರು ತಮ್ಮ ಅಂತರ್ಜಾಲ ತಾಣದಲ್ಲಿಯೂ ಮಾರುತ್ತಾರೆ. ಅಲ್ಲಿ ಚಂದಾ ಬೇರೆ, ಗ್ರಂಥದ ಕ್ರಯ ಬೇರೆ. ಚಂದಾ ನಿಂತರೆ ಅದರ ಸೌಕರ್ಯವೂ ನಿಲ್ಲುವುದು ನ್ಯಾಯವೇ. ಅದರಲ್ಲಿ ನಮಗೆ ತಕರಾರಿಲ್ಲ. ಪೂರ್ಣ ಕ್ರಯವನ್ನು ತೆತ್ತವನ ಗತಿಯೇನು? 2024ರ ಆಗಸ್ಟಿನಲ್ಲಿ ಹೊಸ ನಿಯಮಗಳು ಹೊರಡುವ ಸಮಯಕ್ಕೆ, ಆಟಗಾರರ ಪಾತ್ರಪಟಗಳಲ್ಲಿದ್ದ ಹಳೆಯ ಮಂತ್ರಗಳ ಸ್ಥಾನದಲ್ಲಿ ಹೊಸವನ್ನಿಡುವೆವೆಂದು ಕಂಪನಿಯವರು ಸಾರಿದರು. ಗ್ರಾಹಕರ ಕೂಗೆದ್ದಿತು, ಕೆಲವೇ ದಿನಗಳಲ್ಲಿ ಆ ಮಾತನ್ನು ಹಿಂತೆಗೆದುಕೊಂಡರು. ಲೇಸಾಯಿತು. ಆದರೆ ಬದಲಿಸುವ ಅಧಿಕಾರವೋ, ಅವರ ಕೈಯಲ್ಲಿಯೇ ಉಳಿದಿದೆ. ಅಚ್ಚಿನ ಪುಸ್ತಕವನ್ನು ಮಾರಿದ ವರ್ತಕನು ಮರುವರ್ಷ ನಮ್ಮ ಕಪಾಟಿಗೆ ಕೈಹಾಕಿ ಹಾಳೆಗಳನ್ನು ಬದಲಿಸುವನೇ? ಕ್ರಯಕ್ಕೆ ಕೊಟ್ಟ ಗ್ರಂಥದ ಪ್ರತಿಯನ್ನು ಕೊಂಡವನು ತನ್ನ ಯಂತ್ರದಲ್ಲಿಯೇ ಇರಿಸಿಕೊಳ್ಳುವಂತೆ ಕಂಪನಿಯವರು ಒದಗಿಸತಕ್ಕದ್ದು. ಅದಕ್ಕೊಪ್ಪದಿದ್ದರೆ, ಮಾರಾಟವೆಂಬ ಹೆಸರನ್ನು ಬಿಟ್ಟು ಬಾಡಿಗೆಯೆಂದು ಬರೆಯಲಿ. ಬೆಲೆಯನ್ನೂ ಅದಕ್ಕೆ ತಕ್ಕಂತೆ ಇಳಿಸಲಿ.