ಕಾಂಗರೂ ಬಳಗದ ಜೀವ ನಮ್ಮ ಪಂಜರಕ್ಕೆ ಬೇಡ

ಶುಗರ್ ಗ್ಲೈಡರ್ ಎಂಬ ಪ್ರಾಣಿಯನ್ನು ನಮ್ಮ ಊರಿನಲ್ಲಿ ಮಾರುವುದು ನಿಲ್ಲಬೇಕು. ಬೆಂಗಳೂರಿನ ಬಸವೇಶ್ವರನಗರದಲ್ಲಿ ಕ್ಲಿನಿಕ್ ಇಟ್ಟುಕೊಂಡಿರುವ ಪಶುವೈದ್ಯೆಯಾಗಿ ಈ ಮಾತು ಹೇಳುತ್ತಿದ್ದೇನೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ನಾವು ಕಲಿತದ್ದು ದನ, ಎಮ್ಮೆ, ಕುರಿ, ಕೋಳಿ, ನಾಯಿಗಳ ವೈದ್ಯ. ಈಗ ವಿಜಯನಗರ, ರಾಜಾಜಿನಗರ ಕಡೆಯಿಂದ ಕೊರಳಿಗೆ ಪುಟ್ಟ ಬಟ್ಟೆಚೀಲ ನೇತುಹಾಕಿಕೊಂಡು ಕಾಲೇಜು ಹುಡುಗರು ಬರುತ್ತಾರೆ. ಚೀಲದೊಳಗೆ ನೂರು ಗ್ರಾಂ ಆಸುಪಾಸಿನ ಬೂದು ಪ್ರಾಣಿ, ಬೆನ್ನುದ್ದಕ್ಕೂ ಕಪ್ಪು ಪಟ್ಟೆ, ಉಬ್ಬಿದ ಕಪ್ಪು ಕಣ್ಣು. "ಡಾಕ್ಟ್ರೇ, ಹಾರೋ ಅಳಿಲು ಇದು. ಹಿಂದಿನ ಕಾಲು ಎಳೀತಿದೆ" ಎನ್ನುತ್ತಾರೆ. ಏನು ತಿನ್ನಿಸುತ್ತೀರಿ ಎಂದು ಕೇಳಿದರೆ ಬಾಳೆಹಣ್ಣು, ಹಾಲಿನಲ್ಲಿ ನೆನೆಸಿದ ಬಿಸ್ಕತ್ತು, ಮೊಸರನ್ನ.

ನಾನು ಅದರ ಹಿಂಗಾಲನ್ನು ದೀಪದ ಕೆಳಗೆ ಹಿಡಿದು ತೋರಿಸುತ್ತೇನೆ. ಎರಡನೆಯ ಮತ್ತು ಮೂರನೆಯ ಬೆರಳು ಒಂದಕ್ಕೊಂದು ಅಂಟಿಕೊಂಡಿವೆ, ತುದಿಯಲ್ಲಿ ಮಾತ್ರ ಉಗುರುಗಳು ಬೇರೆ. ಕೂದಲು ಬಾಚಿಕೊಳ್ಳಲು ಅದಕ್ಕೆ ಇದೇ ಹಣಿಗೆ. ಕಾಂಗರೂವಿನ ಕಾಲಿನಲ್ಲೂ ಹೀಗೆಯೇ ಇದೆ. ಬಾಯಿ ತೆರೆಸಿದರೆ ಕೆಳದವಡೆಯಿಂದ ಮುಂದಕ್ಕೆ ಚಾಚಿದ ಎರಡು ಉದ್ದನೆಯ ಬಾಚಿಹಲ್ಲುಗಳು. ಈ ಜೋಡಿ ಹಲ್ಲನ್ನೇ ಗುರುತಾಗಿಟ್ಟುಕೊಂಡು ರಿಚರ್ಡ್ ಓವೆನ್ 1866ರಲ್ಲಿ ಡೈಪ್ರೊಟೊಡಾಂಷಿಯಾ ಎಂಬ ಗಣಕ್ಕೆ ಹೆಸರಿಟ್ಟರು. ಕಾಂಗರೂ, ವಾಲಬಿ, ಕೋಆಲ, ವಾಂಬ್ಯಾಟ್ ಎಲ್ಲ ಅದರೊಳಗಿನವು. ಶುಗರ್ ಗ್ಲೈಡರ್ ಕೂಡ.

ಕಾಂಗರೂ ಎಂದರೆ ಆಳೆತ್ತರದ ಪ್ರಾಣಿ ಎಂದಷ್ಟೇ ನಮಗೆ ಗೊತ್ತು. ಅದರ ಹತ್ತಿರದ ನೆಂಟರಲ್ಲಿ ಮೊಲಕ್ಕಿಂತ ಚಿಕ್ಕವೂ ಇವೆ. ಕ್ವೀನ್ಸ್‌ಲ್ಯಾಂಡಿನ ಮಳೆಕಾಡಿನ ಮಸ್ಕಿ ರ‍್ಯಾಟ್ ಕಾಂಗರೂ ತೂಗುವುದು ಸುಮಾರು ಅರ್ಧ ಕಿಲೋ. ಈಗ ಬದುಕಿರುವ ಕಾಂಗರೂ ಮತ್ತು ಅದರ ಹತ್ತಿರದ ನೆಂಟರಲ್ಲಿ ಹಿಂಗಾಲಿನ ಹೆಬ್ಬೆರಳು ಉಳಿದಿರುವುದು ಇದೊಂದಕ್ಕೇ. ಮರ ಹತ್ತುತ್ತಿದ್ದ ಪೂರ್ವಜರಿಂದ ಬಂದ ಬೆರಳು ಅದು. ಈ ಪ್ರಾಣಿ ಈಗಲೂ ಬಾಗಿದ ಕೊಂಬೆಗಳನ್ನು ಹತ್ತುತ್ತದೆ. ಇನ್ನೊಂದು ಪುಟ್ಟ ನೆಂಟ ಬೆಟಾಂಗ್‌ಗಳು ನೆಲ ಕೆದಕಿ ಮಣ್ಣಿನೊಳಗಿನ ಅಣಬೆ ತಿಂದು, ಅದರ ಬೀಜಾಣುಗಳನ್ನು ಕಾಡಿನುದ್ದಕ್ಕೂ ಹರಡುತ್ತವೆ. ಮತ್ತೊಂದು ನೆಂಟ ಗಿಲ್ಬರ್ಟನ ಪೊಟರೂ ನಿರ್ನಾಮವಾಯಿತೆಂದೇ ಜನ ನಂಬಿದ್ದರು. 1994ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಟೂ ಪೀಪಲ್ಸ್ ಬೇ ಎಂಬಲ್ಲಿ ಮತ್ತೆ ಕಂಡಿತು. ಬಟ್ಟೆಚೀಲದಲ್ಲಿ ನಡುಗುತ್ತ ಬರುವ ಜೀವ ಈ ಮನೆತನದ್ದು.

ನಿಜವಾದ ಹಾರುವ ಅಳಿಲಾದ ನಮ್ಮ ಮಲೆನಾಡಿನ ಹಾರುಬೆಕ್ಕಿಗೂ ಇದಕ್ಕೂ ರೂಪ ಒಂದೇ, ರಕ್ತ ಬೇರೆ. ಮುಂಗಾಲಿಗೂ ಹಿಂಗಾಲಿಗೂ ನಡುವಿನ ಚರ್ಮ ಬಿಚ್ಚಿ ಮರದಿಂದ ಮರಕ್ಕೆ ತೇಲುವ ವಿದ್ಯೆಯನ್ನು ಎರಡೂ ಬೇರೆಬೇರೆಯಾಗಿ ಗಳಿಸಿಕೊಂಡವು. ಇವೆರಡರ ವಂಶ ಕವಲೊಡೆದು ಸುಮಾರು 16 ಕೋಟಿ ವರ್ಷಗಳಾಗಿವೆ. ಹಾರುಬೆಕ್ಕು ಶುಗರ್ ಗ್ಲೈಡರ್‌ಗಿಂತ ನಮಗೆ, ಮನುಷ್ಯರಿಗೆ, ಹತ್ತಿರದ ಸಂಬಂಧಿ ಎಂದರೆ ಹುಡುಗರು ಬೆರಗಾಗುತ್ತಾರೆ. ಅದು ನಿಜ. ಹಾರುಬೆಕ್ಕು ಮರಿಯನ್ನು ಗರ್ಭದಲ್ಲೇ ಬೆಳೆಸುತ್ತದೆ. ಶುಗರ್ ಗ್ಲೈಡರ್‌ನ ಬಸಿರು ಹದಿನಾರು ದಿನದ್ದು. ಹುಟ್ಟಿದ ಮರಿ 0.2 ಗ್ರಾಂ, ಕಣ್ಣಿಲ್ಲ, ಕಿವಿಯಿಲ್ಲ. ಮುಂಗಾಲಿನಿಂದ ತಾಯಿಯ ಕೂದಲು ಹಿಡಿದು ತೆವಳಿ ಚೀಲ ಸೇರಿ ಮೊಲೆ ಕಚ್ಚಿಕೊಂಡರೆ ಸುಮಾರು 70 ದಿನ ಅಲ್ಲೇ. ನನ್ನ ವೃತ್ತಿಯಲ್ಲಿ ಇಷ್ಟು ವಿಸ್ಮಯ ಹುಟ್ಟಿಸುವ ಶರೀರಶಾಸ್ತ್ರ ಬೇರೆ ಕಂಡಿಲ್ಲ.

ಭಾರತವೂ ಆಸ್ಟ್ರೇಲಿಯಾವೂ ಒಂದು ಕಾಲಕ್ಕೆ ಗೊಂಡ್ವಾನಾ ಭೂಖಂಡದಲ್ಲಿ ಕೂಡಿಯೇ ಇದ್ದವಲ್ಲ, ನಮಗೇಕೆ ಕಾಂಗರೂ ಇಲ್ಲ ಎಂದು ಹುಡುಗಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ನಮ್ಮ ನೆಲ ಸುಮಾರು 13 ಕೋಟಿ ವರ್ಷಗಳ ಹಿಂದೆಯೇ ಕಳಚಿಕೊಂಡಿತು. ಚೀಲದ ಪ್ರಾಣಿಗಳು ದಕ್ಷಿಣ ಅಮೆರಿಕದಿಂದ, ಆಗ ಹಿಮವಿಲ್ಲದಿದ್ದ ಅಂಟಾರ್ಕ್ಟಿಕಾ ದಾಟಿ ಆಸ್ಟ್ರೇಲಿಯಾ ಮುಟ್ಟಿದ್ದು ಅದಾದ ಎಷ್ಟೋ ಕಾಲದ ಮೇಲೆ. ಆದರೂ ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ 5 ಕೋಟಿ ವರ್ಷಗಳಿಗೂ ಹಳೆಯ, ಇಂಥವೇ ಕೆಲವು ಪುಟ್ಟ ಪ್ರಾಣಿಗಳ ಹಲ್ಲುಗಳು ಸಿಕ್ಕಿವೆ. ಆ ವಂಶ ಇಲ್ಲಿ ಉಳಿಯಲಿಲ್ಲ.

ಕಾಲು ಎಳೆಯುವ ವಿಷಯಕ್ಕೆ ಬರುತ್ತೇನೆ. ಕಾಡಿನಲ್ಲಿ ಇದು ಅಕೇಶಿಯಾದ ಅಂಟು, ನೀಲಗಿರಿ ಮರದ ರಸ, ಹೂವಿನ ಮಕರಂದ ಮತ್ತು ಧಾರಾಳವಾಗಿ ಹುಳುಹುಪ್ಪಟೆ ತಿನ್ನುತ್ತದೆ. ಬರೀ ಹಣ್ಣು, ಬಿಸ್ಕತ್ತು ತಿಂದರೆ ಕ್ಯಾಲ್ಸಿಯಂ ಸಾಲದೆ ದೇಹ ತನ್ನ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ. ಮೊದಲು ಸೋಲುವುದು ಹಿಂಗಾಲು. ಬೇಗ ಕರೆತಂದರೆ ಕೆಲವು ಚೇತರಿಸಿಕೊಳ್ಳುತ್ತವೆ. ಇನ್ನು ಒಂಟಿತನ: ಮರದ ಪೊಟರೆಯಲ್ಲಿ ನಾಲ್ಕಾರು ಒಟ್ಟಿಗೆ ಮಲಗುವ, ರಾತ್ರಿಯೆಲ್ಲ ಓಡಾಡುವ ಜೀವವನ್ನು ಒಂಟಿಯಾಗಿ ಕೂಡಿಹಾಕಿ ಹಗಲು ಎಬ್ಬಿಸಿದರೆ ಅದು ತನ್ನ ಬಾಲವನ್ನೇ ಕಚ್ಚಿ ಗಾಯ ಮಾಡಿಕೊಳ್ಳುತ್ತದೆ. ಗಂಡಿನ ನೆತ್ತಿಯ ಮೇಲಿನ ಬೋಳು ಜಾಗ ವಾಸನೆಯ ಗ್ರಂಥಿ. ಅದನ್ನು ಹುಳುಕಡ್ಡಿ ಎಂದುಕೊಂಡು ಮನುಷ್ಯರ ಮುಲಾಮು ಹಚ್ಚಿ ತಂದವರೂ ಇದ್ದಾರೆ. ಪ್ರೀತಿಯಿಂದಲೇ ಹಚ್ಚಿರುತ್ತಾರೆ. ಮಾರುವಾಗ ಇದನ್ನೆಲ್ಲ ಹೇಳಬೇಕಾದವರು ಹೇಳಿರುವುದಿಲ್ಲ.

ಇವು ಬರುವುದು ಎಲ್ಲಿಂದ? ಆಸ್ಟ್ರೇಲಿಯಾ ತನ್ನ ಕಾಡಿನ ಸಸ್ತನಿಗಳನ್ನು ಜೀವಂತವಾಗಿ ವ್ಯಾಪಾರಕ್ಕೆ ಹೊರಗೆ ಬಿಡುವುದಿಲ್ಲ. ಅಮೆರಿಕದ ಮನೆಗಳಲ್ಲಿರುವ ಶುಗರ್ ಗ್ಲೈಡರ್‌ಗಳ ವಂಶವಾಹಿ ಪರೀಕ್ಷಿಸಿದಾಗ ಮೂಲ ಇಂಡೊನೇಷ್ಯಾದ ಪಶ್ಚಿಮ ಪಪುವಾ ಎಂದು 2019ರಲ್ಲಿ ತಿಳಿಯಿತು. ನಮ್ಮಲ್ಲಿಗೆ ಬರುವ ವಿದೇಶಿ ಪ್ರಾಣಿಗಳ ಹಾದಿ ಎಂಥದೆಂಬುದಕ್ಕೆ 2023ರ ಆಗಸ್ಟ್ ಸಾಕ್ಷಿ. ಬ್ಯಾಂಕಾಕ್‌ನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದ ಪ್ರಯಾಣಿಕನ ಟ್ರಾಲಿ ಬ್ಯಾಗಿನಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ 234 ಪ್ರಾಣಿಗಳು ಸಿಕ್ಕವು. ಅದರಲ್ಲೊಂದು ಕಾಂಗರೂ ಮರಿ, ಪ್ಲಾಸ್ಟಿಕ್ ಡಬ್ಬಿಯೊಳಗೆ ಉಸಿರುಗಟ್ಟಿ ಸತ್ತಿತ್ತು.

ತಿದ್ದುಪಡಿಯಾದ ವನ್ಯಜೀವಿ ಕಾಯ್ದೆ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನು ಸಾಕುವವರು ನೋಂದಾಯಿಸಬೇಕು. ಬೆಟಾಂಗ್ ಆ ಪಟ್ಟಿಯಲ್ಲಿದೆ, ಶುಗರ್ ಗ್ಲೈಡರ್ ಇಲ್ಲ, ಕೆಂಪು ಕಾಂಗರೂ ಕೂಡ ಇಲ್ಲ. ನಿರ್ನಾಮದ ಅಂಚಿನಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಒಂದು ಪ್ರಾಣಿಯನ್ನು ಯಾರು ಬೇಕಾದರೂ ಸಾಕಬಹುದು ಎಂದಾಗುವುದು ತಪ್ಪು. ಬೆಲ್ಜಿಯಂ 2009ರಿಂದ, ನೆದರ್ಲೆಂಡ್ಸ್ 2024ರಿಂದ ಬೇರೆ ದಾರಿ ಹಿಡಿದಿವೆ: ಮನೆಯಲ್ಲಿ ನೆಮ್ಮದಿಯಾಗಿ ಬದುಕಬಲ್ಲ ಸಸ್ತನಿಗಳ ಪಟ್ಟಿಯೊಂದು ಇದೆ, ಅದರಲ್ಲಿ ಇಲ್ಲದ್ದನ್ನು ಸಾಕುವಂತಿಲ್ಲ. ಕೇಂದ್ರ ಸರ್ಕಾರ ಇಂಥದ್ದೇ ಪಟ್ಟಿ ತರಬೇಕು. ಅಲ್ಲಿಯವರೆಗೆ 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ನೋಂದಣಿ ಕೊಡುವ ನಮ್ಮ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿ, ಅಂಗಡಿಗಳ ತಪಾಸಣೆಯಲ್ಲಿ ಈ ಪ್ರಾಣಿಗಳ ಮೂಲದ ಕಾಗದ ಕೇಳಲಿ.

ಈಗಾಗಲೇ ಮನೆಯಲ್ಲಿ ಇಟ್ಟುಕೊಂಡವರಿಗೆ ನನ್ನ ಬಿನ್ನಹ ಬೇರೆ. ಸಾಕಾಯಿತೆಂದು ಜ್ಞಾನಭಾರತಿಯ ಮರಗಳಿಗೋ ತುರಹಳ್ಳಿ ಕಾಡಿಗೋ ಬಿಟ್ಟು ಬರಬೇಡಿ. 19ನೇ ಶತಮಾನದಲ್ಲಿ ತಾಸ್ಮೇನಿಯಾ ದ್ವೀಪಕ್ಕೆ ಮನುಷ್ಯರು ಒಯ್ದ ಶುಗರ್ ಗ್ಲೈಡರ್‌ಗಳು ಇವತ್ತು ಅಲ್ಲಿನ ಸ್ವಿಫ್ಟ್ ಗಿಳಿಯ ಪೊಟರೆಗೆ ನುಗ್ಗಿ ಮೊಟ್ಟೆ, ಮರಿ, ಕಾವು ಕೂತ ತಾಯಿ ಎಲ್ಲವನ್ನೂ ತಿನ್ನುತ್ತಿವೆ. ಆ ಗಿಳಿ ಅಳಿವಿನ ಅಂಚಿಗೆ ಬಂದಿದೆ. ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ಆಸ್ಪತ್ರೆ ಇರುವುದು ನಮ್ಮ ನಗರದ ಕಾಡುಜೀವಿಗಳಿಗಾಗಿ, ಅವನ್ನು ವಾಸಿಮಾಡಿ ಮರಳಿ ಬಿಡುವುದಕ್ಕಾಗಿ. ಶುಗರ್ ಗ್ಲೈಡರ್‌ಗೆ ಮರಳಿ ಹೋಗಲು ಇಲ್ಲಿ ಕಾಡಿಲ್ಲ. ಹತ್ತು ಹನ್ನೆರಡು ವರ್ಷ ಬದುಕುವ ಪ್ರಾಣಿ ಅದು. ಹುಳುಗಳ ಆಹಾರ ಹೊಂದಿಸಿ, ದೊಡ್ಡ ಪಂಜರ ಮಾಡಿಸಿ, ರಾತ್ರಿ ಅದರ ಪಾಡಿಗೆ ಬಿಡಿ. ಜೊತೆ ಇಲ್ಲದಿದ್ದರೆ, ಇನ್ನು ಸಾಕಲಾಗದು ಎಂದು ಯಾರೋ ಬಿಟ್ಟುಕೊಡುತ್ತಿರುವ ಪ್ರಾಣಿಯನ್ನು ಪಶುವೈದ್ಯರ ಮೂಲಕ ಹುಡುಕಿ ತಂದುಕೊಳ್ಳಿ. ಮರಿ ಹಾಕದಂತೆ ಗಂಡಿಗೆ ಶಸ್ತ್ರಚಿಕಿತ್ಸೆ ಮಾಡಿಸಿ. ಅಂಗಡಿಯಿಂದ ಮಾತ್ರ ಇನ್ನೊಂದನ್ನು ಕೊಳ್ಳಬೇಡಿ.