ಕಡತ ಹಿಡಿದ ಕೈ

2001ರ ಫೆಬ್ರವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ ಮೇಲೆ ರಾಬರ್ಟ್‌ಸನ್‌ಪೇಟೆಯ ಬಹಳಷ್ಟು ಮನೆಗಳ ಅನ್ನ ಬೆಂಗಳೂರಿನ ರೈಲಿಗೆ ಜೋತುಬಿದ್ದಿದೆ. ಮಾರಿಕುಪ್ಪಂನಿಂದ ಹೊರಡುವ ಅಂಥದೊಂದು ಗಾಡಿಯಲ್ಲಿ ಕಿವಿ ಕೇಳದ ಇಬ್ಬರು ತರುಣರು ನಿಂತೇ ಸಂಭಾಷಿಸುವುದನ್ನು ಕಂಡೆ. ಇಬ್ಬರದೂ ಒಂದೊಂದು ಕೈ ಮೇಲಿನ ಹಿಡಿಯಲ್ಲಿ. ಎರಡು ಕೈಗಳೂ ಒಂದೇ ಬಗೆಯಾಗಿ ಆಡುವ ಸನ್ನೆಗಳಿಗೆ ಒಂದೇ ಸಾಕಾಗುತ್ತಿತ್ತು. ಅಂಗೈಯ ಆಸರೆ ಬೇಕಾದಲ್ಲಿ ಸೀಟಿನ ಬೆನ್ನೇ ಅಂಗೈ. ತೊಡಕಾದದ್ದು ಯಾವುದೋ ಹೆಸರನ್ನು ಅಕ್ಷರಕ್ಷರವಾಗಿ ತೋರಿಸುವಾಗ. ಅಮೆರಿಕದ ಬೆರಳಕ್ಷರಗಳಿಗೆ ಒಂದೇ ಕೈ ಸಾಕು. ಇಂಗ್ಲಿಷಿಗೆ ನಮ್ಮಲ್ಲಿ ರೂಢಿಯಲ್ಲಿರುವವುಗಳಲ್ಲಿ ಬಹುಪಾಲಿಗೆ, ಬ್ರಿಟನ್ನಿನಲ್ಲಿರುವಂತೆ, ಎರಡು ಬೇಕು. ಆತ ಗೆಳೆಯನ ಕೈಯನ್ನೇ ಎರವಲು ಪಡೆದ.

ಕಚೇರಿಯ ಕಿಟಕಿಯೆದುರು ಎರವಲು ಕೊಡುವವರು ಯಾರು? ನಾನು ಸೇವೆಯಲ್ಲಿದ್ದಾಗ ಎಷ್ಟೋ ಅರ್ಜಿದಾರರನ್ನು ಕಾಗದದ ಕಟ್ಟು ಹಿಡಿಸಿಯೇ ನಿಲ್ಲಿಸಿದ್ದೇನೆ. ಅವರಲ್ಲಿ ಕೆಲವರಿಗೆ ಅದು ಅರ್ಧ ಬಾಯಿ ಮುಚ್ಚಿದಂತೆ ಎಂಬುದು ಅಂದು ಹೊಳೆಯಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಂಜ್ಞಾ ಭಾಷೆಯನ್ನೂ ಸಂವಹನವೆಂದೇ ಪರಿಗಣಿಸಿದೆ. ದುಭಾಷಿಗಳ ನೇಮಕಕ್ಕೆ ಹಣವಿಲ್ಲವೆಂಬ ವಾದ, ಅರ್ಥಶಾಸ್ತ್ರ ಓದಿ ಆಡಳಿತಕ್ಕೆ ಬಂದ ನನಗೆ ಹಳೆಯ ಪರಿಚಯ. ಆದರೆ ಕಾಗದ ಇಡಲು ಕಿಟಕಿಯ ಕೆಳಗೊಂದು ಹಲಗೆ, ವಿಡಿಯೊ ಕರೆಗಾಗಿ ಮೊಬೈಲ್ ನಿಲ್ಲಿಸಲೊಂದು ಸ್ಟ್ಯಾಂಡ್ – ಇಷ್ಟನ್ನು ಯಾವ ಕಚೇರಿಯಾದರೂ ತನ್ನ ಸಾದಿಲ್ವಾರು ವೆಚ್ಚದಲ್ಲೇ ಈ ತಿಂಗಳೇ ಮಾಡಿಸಬಹುದು.